ಮೂರನೆಯದು ತೆರೆಯಲಿ ಎಂದವನು

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಸಿಐಡಿ. ಹಾಲಿಗೆ ನೀರು ಬೆರೆಸಿದ್ದಾರೆಂದು ಎಲ್ಲರೂ ಅನುಮಾನಪಡುತ್ತಾರೆ. ಇವನು ನೀರಿಗೂ ಏನೋ ಬೆರೆಸಿದ್ದಾರೆ ಎನ್ನುವವನು. ಸೀಸೆ, ಡಬ್ಬಿಗಳಿಗೆ ಅಂಟಿಸುವ ಲೇಬಲ್ ಅಚ್ಚು ಹಾಕುವ ಅಂಗಡಿ ಅವನದು. ನಾನು ಅಲ್ಲಿ ಅಚ್ಚಾದ ಹಾಳೆಗಳನ್ನು ಕತ್ತರಿಸಿ ಕಟ್ಟು ಕಟ್ಟುತ್ತೇನೆ. ಕೈಗೆ ಕೆಲಸ, ಕಿವಿಗೆ ಬಿಡುವು.

ಅಂಗಡಿಗೆ ಇರುವುದು ಒಂದೇ ಕಂಪ್ಯೂಟರ್. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯನ್ನು ತಮ್ಮ ಅದರೊಳಗೆ ಬೇರೆಬೇರೆಯಾಗಿ ಮೂರು ಹಾಕಿದ್ದ; ಒಂದರಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಮೊದಲನೆಯದರಲ್ಲಿ ಗಿರಾಕಿಗಳ ವಿವರ. ಎರಡನೆಯದು ಹಳೆಯದು, ಈಗ ಬಳಸದ್ದು. ಮೂರನೆಯದರಲ್ಲಿ ದಿನದ ಕೆಲಸ.

"ಒಂದೇ ಮನೇಲಿ ಮೂರು ಒಲೆ ಯಾಕೋ?" ಎಂದರೆ, "ಒಲೆ ಬೇರೆ ಇದ್ರೆ ಜಗಳ ಇರಲ್ಲ ಅಕ್ಕ," ಎನ್ನುತ್ತಿದ್ದ.

ಗುಂಡಿ ಒತ್ತಿದೊಡನೆ ಪಟ್ಟಿ ತೋರಿಸಿ, ಇವುಗಳಲ್ಲಿ ಯಾವುದು ಬೇಕೆಂದು ಕೇಳುವುದು ಬೂಟ್ ಲೋಡರ್ ಎಂಬುದರ ಕೆಲಸವಂತೆ. ತಮ್ಮ ಆ ಪಟ್ಟಿಯನ್ನೇ ಮರೆಮಾಡಿದ. ಕೇಳುವುದು ಬೇಡ, ಸುಮ್ಮನೆ ಮೂರನೆಯದು ತೆರೆದುಕೊಳ್ಳಲಿ ಎಂದು ಬರೆದಿಟ್ಟ. ಹೆಸರು ಬರೆದರೆ ಯಾರಾದರೂ ಓದಿಯಾರೆಂದು ಬರೀ ಸಂಖ್ಯೆ ಹಾಕಿದ. ಈ 'ಯಾರಾದರೂ' ಎಂದರೆ ಅಲ್ಲೇ ಕೂತು ಲೇಬಲ್ ಚಿತ್ರ ಮಾಡುವ ಅವನ ಭಾಮೈದ.

ಒಂದು ಭಾನುವಾರ ತಮ್ಮ ಬಾಗಿಲು ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತಿದ್ದ. ಮರುದಿನ ಭಾಮೈದ ಬಂದು ಆನ್ ಮಾಡಿದರೆ, ಅವನು ಮಾಡಿಟ್ಟ ಲೇಬಲ್ ಒಂದೂ ಇಲ್ಲ.

"ಭಾವ, ನನ್ನ ಕೆಲ್ಸ ಎಲ್ಲಿ?"

"ನನ್ನ ಕೇಳ್ತೀಯಾ? ಎದುರು ಅಚ್ಚಿನಂಗಡಿಯವನ ಜೊತೆ ಗುಸುಗುಸು ನಡೀತಿತ್ತಲ್ಲ, ಆಗ್ಲೇ ಅಂದ್ಕೊಂಡೆ."

"ಹಲ್ಲುನೋವಿಗೆ ಯಾವ ಡಾಕ್ಟ್ರು ಒಳ್ಳೇವ್ರು ಅಂತ ಕೇಳ್ತಿದ್ದೆ!"

"ಅವನಿಗೆ ಕೊಟ್ಟು ಇಲ್ಲಿ ಅಳಿಸಿದ್ದೀಯ. ಎಲ್ಲಾ ವಾಪಸ್ ತರ್ತೀಯೋ, ಇವತ್ತೇ ಕೆಲ್ಸ ಬಿಟ್ಟು ಹೋಗ್ತೀಯೋ?"

ಭಾಮೈದ ಕುರ್ಚಿ ಬಿಟ್ಟು ಎದ್ದ.

ತಮ್ಮ ಅವನನ್ನು ಹೊರಗೆ ನಿಲ್ಲಿಸಿ, ಸಾಕ್ಷಿಗೆಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮರೆಮಾಡಿದ್ದ ಪಟ್ಟಿಯನ್ನು ತೆಗೆದ. ತೆರೆಯ ಮೇಲೆ ಬೆರಳಿಟ್ಟು ಎಣಿಸಿದ. ಮತ್ತೆ ಎಣಿಸಿದ. ಮುಖ ಬಾಡಿತು.

"ಏನೋ?"

"ಹೊಸದು ಕೊನೇಲಿ ನಿಲ್ಲತ್ತೆ ಅಂದ್ಕೊಂಡಿದ್ದೆ ಅಕ್ಕ."

ಗಿರಾಕಿಗಳ ವಿವರಕ್ಕೆ ಇನ್ನೂ ಭದ್ರತೆ ಬೇಕೆಂದು ಭಾನುವಾರ ಇನ್ನೊಂದು ಲಿನಕ್ಸ್ ಹಾಕಿದ್ದನಂತೆ. ಅದು ಹೋಗಿ ಪಟ್ಟಿಯ ಎರಡನೇ ಜಾಗದಲ್ಲಿ ಕೂತಿತ್ತು. ಹಳೆಯದು ಮೂರಕ್ಕೆ ಸರಿದಿತ್ತು, ಕೆಲಸದ್ದು ನಾಲ್ಕಕ್ಕೆ. ಇವನು ಹೇಳಿದ ಹಾಗೆ ಕಂಪ್ಯೂಟರ್ ಮೂರನೆಯದನ್ನೇ ತೆರೆದಿತ್ತು. ನಾಲ್ಕನೆಯದನ್ನು ತೆರೆದರೆ ಲೇಬಲ್‌ಗಳೆಲ್ಲ ಇದ್ದ ಹಾಗೇ ಇದ್ದವು.

"ಬಾರೋ, ಸಿಕ್ತು," ಎಂದ.

"ಯಾರ ಕೈವಾಡ ಅಂತಾನೂ ಹೇಳು," ಎಂದೆ ನಾನು.

"ಈ ಕಂಪ್ಯೂಟರ್ ಮೇಲೆ ನಂಗೆ ಮೊದಲಿಂದ್ಲೂ ನಂಬಿಕೆ ಇಲ್ಲ."

ಹೊರಗಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಭಾಮೈದ ಒಳಗೆ ಬಂದ, ಆದರೆ ಕುರ್ಚಿಯಲ್ಲಿ ಕೂರಲಿಲ್ಲ. "ಆ ಪಟ್ಟಿ ದಿನಾ ನನ್ನ ಕಣ್ಣಿಗೂ ಕಾಣ್ಬೇಕು ಭಾವ. ಇಲ್ದಿದ್ರೆ ನೀವು ಓಡಿಸೋದೇನು, ನಾನೇ ಹೊರಟೆ. ಇನ್ಮೇಲೆ ನಂಗೂ ನಿಮ್ಮ ಮೇಲೆ ಅನುಮಾನ."

ತಮ್ಮ ನನ್ನ ಮುಖ ನೋಡಿದ. ನಾನು ಹಾಳೆ ಎಣಿಸುತ್ತಿದ್ದೆ. ಕೊನೆಗೆ ಪಟ್ಟಿಯನ್ನು ಬಯಲಿಗೆ ತಂದ. ಸಂಖ್ಯೆ ಅಳಿಸಿ ಹೆಸರನ್ನೇ ಬರೆದ. ಗಿರಾಕಿಗಳದ್ದೂ ಕಾಣಿಸಿತು. ಭಾಮೈದ ಮೇಲಿಂದ ಕೆಳಗೆ ಎಲ್ಲವನ್ನೂ ಓದಿದ, ಏನೂ ಹೇಳದೆ ಕೂತು ಕೆಲಸ ಶುರುಮಾಡಿದ.

ಅವನು ಏಕೆ ಏನೂ ಹೇಳಲಿಲ್ಲ ಎಂದು ತಮ್ಮ ಇವತ್ತಿಗೂ ನನ್ನನ್ನು ಕೇಳುತ್ತಾನೆ.