ಗಾಳಿಗೆ ಮೀಟರು ಹಿಡಿಯುವ ಭಾವ
ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿರುವ ನಮ್ಮ ಭಾವ ದಿನಾ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ತಾರಸಿ ಹತ್ತಿ, ವೋಲ್ಟ್‌ಮೀಟರಿನ ಒಂದು ತಂತಿಯನ್ನು ಕೋಲಿಗೆ ಕಟ್ಟಿ ಆಕಾಶಕ್ಕೆ ಹಿಡಿಯುತ್ತಾರೆ. ಹನ್ನೊಂದು ವರ್ಷದ ಈ ಮಹಾಸಂಶೋಧನೆಯಲ್ಲಿ ಮುಳ್ಳು ಸೊನ್ನೆ ಬಿಟ್ಟು ಕದಲಿಲ್ಲ. "ಬರೀ ಗಾಳೀಲೂ ವೋಲ್ಟೇಜ್ ಇದೆ ಕಣಮ್ಮ. ಅಳೆಯೋಕೆ ಹೋದ್ರೆ ಈ ಮೀಟರೇ ಅದನ್ನ ಕುಡಿದುಬಿಡುತ್ತೆ," ಎನ್ನುತ್ತಾರೆ ನನಗೆ. "ನಿಮ್ಮ ಹಾಗೇ! ಡಬ್ಬಿಯಲ್ಲಿ ಸಕ್ಕರೆ ಎಷ್ಟಿದೆ ಅಂತ ನೋಡೋಕೆ ಹೋಗಿ ಖಾಲಿ ಮಾಡಿ ಬರ್ತೀರಲ್ಲ," ಎಂದು ಅಕ್ಕ ಕೆಳಗಿಂದ ಕೂಗುತ್ತಾಳೆ. ಮೊನ್ನೆ ಅವರ ಹಳೆಯ ಶಿಷ್ಯೆ, ಈಗ ಕಾಲೇಜಿನಲ್ಲಿ ಪ್ರೊಫೆಸರು, ತಾರಸಿಗೇ ಹತ್ತಿ ಬಂದು, "ಸರ್, ಹಾಗೆ ಕುಡಿಯದ ಮೀಟರು ನಮ್ಮಲ್ಲಿದೆ, ತಂದುಕೊಡ್ತೀನಿ," ಎಂದಳು. ಭಾವ ಕೋಲು ಇಳಿಸಲಿಲ್ಲ. "ಬೇಡಮ್ಮ. ನಮ್ಮ ಶಾಲೇಲಿ ಇರೋದು ಇದೊಂದೇ. ಇದರಲ್ಲೇ ತೋರಿಸ್ತೀನಿ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೀನಿ."