ಬಾಳೆಕಂದು ಕಟ್ಟಿದ ಆಂಬುಲೆನ್ಸ್

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಕಾರು ಓಡಿಸಬಲ್ಲ ಹೆಂಗಸು ಎಂದರೆ ಒಬ್ಬರೇ, ಅವರಿಗೂ ಅರವತ್ತು ದಾಟಿತ್ತು. ಊರವರೆಲ್ಲ ಅವರನ್ನು ದೊರೆಸಾನಿ ಎನ್ನುತ್ತಿದ್ದರು. ಕೋಲಾರದ ಕಡೆಯ ನಮ್ಮ ಸಣ್ಣ ಊರಿನ ಕೆರೆ ಏರಿಯ ಪಕ್ಕದಲ್ಲಿ, ಒಂದು ಹಳೇ ಬಂಗಲೆಯಲ್ಲಿ ಒಂಟಿಯಾಗಿ ಇದ್ದರು. ಐರ್ಲೆಂಡ್ ಎಂಬ ದೇಶದ ದೊಡ್ಡ ಜಮೀನ್ದಾರರ ಮಗಳು. ಗಂಡ ಚಿನ್ನದ ಗಣಿಯಲ್ಲಿ ಇಂಜಿನಿಯರ್ ಆಗಿದ್ದವರು ತೀರಿಕೊಂಡಿದ್ದರು. ಉಳಿದ ಬಿಳಿಯರೆಲ್ಲ ಹಡಗು ಹತ್ತಿ ಹೋದರೂ ಇವರು ಹೋಗಲಿಲ್ಲ. ಬೆಳಗಿನ ಹೊತ್ತೆಲ್ಲ ಅವರ ವರಾಂಡದಿಂದ ಟೈಪ್‌ರೈಟರಿನ ಟಕಟಕ ಕೇಳುತ್ತಿತ್ತು. ಪುಸ್ತಕ ಬರೆಯುತ್ತಾರಂತೆ, ಅದು ಲಂಡನ್ನಿನಲ್ಲಿ ಅಚ್ಚಾಗುತ್ತದಂತೆ ಎಂದು ಪೋಸ್ಟ್‌ಮನ್ ಹೇಳುತ್ತಿದ್ದ.

ಅವರ ಕಪ್ಪು ಕಾರನ್ನು ನೋಡಿಕೊಳ್ಳುತ್ತಿದ್ದವನು ನಮ್ಮಪ್ಪ. ಅಪ್ಪ ಮೋಟಾರ್ ಮೇಸ್ತ್ರಿ. ಮನೆಗೆ ಹೊಂದಿಕೊಂಡ ತಗಡಿನ ಶೆಡ್ಡೇ ಅವನ ಗ್ಯಾರೇಜು. ಆ ಕಾರಿನ ವಿಷಯದಲ್ಲಿ ದೊರೆಸಾನಿಯವರದು ವಿಚಿತ್ರ ಶಿಸ್ತು. ಎಲ್ಲಿಗೂ ಹೋಗದ ದಿನವೂ ಬೆಳಿಗ್ಗೆ ಎದ್ದು ಇಂಜಿನ್ ಚಾಲೂ ಮಾಡಿ, ಎಣ್ಣೆ ನೀರು ನೋಡಿ, ಮೂತಿ ಗೇಟಿನ ಕಡೆ ಇರುವಂತೆ ನಿಲ್ಲಿಸುತ್ತಿದ್ದರು. ಹಿಂದಿನ ಸೀಟಿನಲ್ಲಿ ಯಾವಾಗಲೂ ಎರಡು ಕಂಬಳಿ. "ಯಾರನ್ನ ಕರ್ಕೊಂಡು ಹೋಗೋಕೆ ಕಾಯ್ತದೋ ಈ ಮುದುಕಿ" ಎಂದು ಜನ ನಗುತ್ತಿದ್ದರು. ಅಪ್ಪ ಮಾತ್ರ ನಗುತ್ತಿರಲಿಲ್ಲ. "ಅವ್ರು ಲಡಾಯಿನಲ್ಲಿ ಆಂಬುಲೆನ್ಸ್ ಓಡ್ಸಿದವರು ಕಣೋ" ಎನ್ನುತ್ತಿದ್ದ. ನನಗೆ ಆಗ ಹತ್ತು ವರ್ಷ. ಲಡಾಯಿಯೂ ಗೊತ್ತಿರಲಿಲ್ಲ, ಆಂಬುಲೆನ್ಸೂ ಗೊತ್ತಿರಲಿಲ್ಲ.

ಆ ವರ್ಷ ಆಯುಧಪೂಜೆಯ ಹೊತ್ತಿಗೆ ಅಕ್ಕ ಚೊಚ್ಚಲ ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಹಬ್ಬದ ಹಿಂದಿನ ಸಂಜೆಯೇ ಅವಳಿಗೆ ಸಣ್ಣಗೆ ನೋವು ಶುರುವಾಯಿತು. ಮಗು ಹುಟ್ಟಿದರೆ ಪುರುಡು, ಆಮೇಲೆ ಪೂಜೆ ಮಾಡುವ ಹಾಗಿಲ್ಲ ಎಂದು ಅಪ್ಪ ಹಬ್ಬದ ದಿನ ಸೂರ್ಯ ಏರುವ ಮುಂಚೆಯೇ ಪೂಜೆ ಮುಗಿಸಿದ. ದೊರೆಸಾನಿಯವರ ಕಾರು ಪ್ರತಿ ವರ್ಷದಂತೆ ನಮ್ಮ ಶೆಡ್ಡಿಗೆ ಬಂದಿತ್ತು. ಮುಂದುಗಡೆ ಎರಡು ಬಾಳೆಕಂದು, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ, ಗಾಜಿಗೆ ವಿಭೂತಿ ಪಟ್ಟೆ, ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಸ್ಪ್ಯಾನರು, ಸುತ್ತಿಗೆ, ಇಕ್ಕಳವೆಲ್ಲ ಮಣೆಯ ಮೇಲೆ ಅರಿಶಿನ ಕುಂಕುಮ ಹಚ್ಚಿಕೊಂಡು ಕೂತಿದ್ದವು. ಅಷ್ಟಕ್ಕೇ ಅಪ್ಪನಿಗೆ ತೃಪ್ತಿಯಾಗಲಿಲ್ಲ. ಕಾರಿನ ಜೀವ ಇರುವುದು ಕಿಡಿ ಹಾರಿಸುವ ಪ್ಲಗ್ಗಿನಲ್ಲಿ, ಅದಕ್ಕೇ ಪೂಜೆ ಇಲ್ಲದಿದ್ದರೆ ಹೇಗೆ ಎಂದು ಇಂಜಿನ್ನಿನ ನಾಲ್ಕು ಪ್ಲಗ್ಗನ್ನೂ ಬಿಚ್ಚಿ, ಉಜ್ಜಿ, ಬೊಟ್ಟಿಟ್ಟು, ತಲೆಯ ಮೇಲೊಂದು ಹೂವಿಟ್ಟು ಮಣೆಯ ಮೇಲೆ ಸಾಲಾಗಿ ಕೂರಿಸಿಬಿಟ್ಟಿದ್ದ.

ದೊರೆಸಾನಿ ಹಬ್ಬಕ್ಕೆ ಬಂದು, ಕಬ್ಬಿಣದ ಕುರ್ಚಿಯಲ್ಲಿ ಕೂತು ಕಡಲೆ ಉಸಲಿ ತಿನ್ನುತ್ತಿದ್ದರು. ಕರ್ಪೂರದ ವಾಸನೆ, ಗ್ರೀಸಿನ ವಾಸನೆ ಒಟ್ಟಿಗೇ ಬರುತ್ತಿತ್ತು. ಆಗ ಸೂಲಗಿತ್ತಿ ಅಜ್ಜಿ ಹಿಂದಿನ ಕೋಣೆಯಿಂದ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ನಮ್ಮೂರಿನ ಅರ್ಧ ಜನರನ್ನು ಭೂಮಿಗೆ ತಂದವಳು ಅವಳು. ಅವಳ ಮುಖ ಹಾಗೆ ಸಪ್ಪಗಾಗಿದ್ದನ್ನು ನಾನು ನೋಡಿರಲಿಲ್ಲ.

"ಮಗು ಅಡ್ಡ ತಿರುಗ್ಬಿಟ್ಟಿದೆ ಕಣಪ್ಪ. ನನ್ನ ಕೈ ಮೀರಿದ್ದು. ಈಗ್ಲೇ ದೊಡ್ಡಾಸ್ಪತ್ರೆಗೆ ಸಾಗ್ಸು. ಎತ್ತಿನ ಗಾಡಿ ಬ್ಯಾಡ, ಆ ಕುಲುಕಾಟಕ್ಕೆ ತಾಯಿನೂ ಉಳಿಯಲ್ಲ, ಮಗೂನೂ ಉಳಿಯಲ್ಲ."

ಆಸ್ಪತ್ರೆ ಆರು ಮೈಲಿ ದೂರ. ಊರಿಗಿದ್ದ ಒಂದೇ ಬಸ್ಸು ಹಾರ ಹಾಕಿಸಿಕೊಂಡು ನಿಂತಿತ್ತು, ಅದರ ಡ್ರೈವರು ಹಬ್ಬಕ್ಕೆ ತನ್ನೂರಿಗೆ ಹೋಗಿದ್ದ. ಇದ್ದದ್ದು ಈ ಕಾರು. ಅದರ ಪ್ಲಗ್ಗುಗಳು ಮಣೆಯ ಮೇಲಿದ್ದವು. ಪೂಜೆಗೆ ಕೂತ ಆಯುಧವನ್ನು ಮಾರನೇ ದಿನದವರೆಗೆ ಮುಟ್ಟಬಾರದು. ನಮ್ಮ ತಾತ ಒಂದು ವರ್ಷ ಅದನ್ನು ಮೀರಿ ಸುತ್ತಿಗೆ ಎತ್ತಿದ್ದಕ್ಕೇ ಎರಡು ಬೆರಳು ಕಳೆದುಕೊಂಡ ಎಂದು ಅಪ್ಪ ಗಟ್ಟಿಯಾಗಿ ನಂಬಿದ್ದ. ತನ್ನ ಬೆರಳು ಹೋದರೆ ಹೋಗಲಿ, ಕೇಡು ಮಗಳಿಗೆ ತಟ್ಟಿದರೆ? ಅವನು ಮಣೆಯ ಮುಂದೆ ಕಲ್ಲಿನ ಹಾಗೆ ನಿಂತುಬಿಟ್ಟ. ಒಳಗಿನಿಂದ ಅಕ್ಕ "ಅಮ್ಮಾ" ಎಂದದ್ದು ಕೇಳಿತು.

ದೊರೆಸಾನಿ ಎದ್ದು ಬಂದರು. ಬೇಕಿದ್ದರೆ ತಾವೇ ಸ್ಪ್ಯಾನರ್ ಎತ್ತಿಕೊಳ್ಳಬಹುದಿತ್ತು. ಎತ್ತಲಿಲ್ಲ. ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಬರಿಗಾಲಿನಲ್ಲಿ ಅಪ್ಪನ ಪಕ್ಕ ನಿಂತರು. ಅಡಿಗೆಯವನಿಂದ ಕಲಿತ ಕನ್ನಡ ಅವರದು, ಎಲ್ಲರನ್ನೂ ನೀನು ಎನ್ನುತ್ತಿದ್ದರು. "ಮೇಸ್ತ್ರಿ, ನಿನ್ನ ದೇವರು. ನೀನು ಹೇಳು" ಎಂದರು.

ಉತ್ತರ ಕೊಟ್ಟವಳು ಸೂಲಗಿತ್ತಿ ಅಜ್ಜಿ. ತನ್ನ ಒಣಗಿದ ಎರಡು ಕೈಯನ್ನೂ ಅಪ್ಪನ ಮುಖದ ಮುಂದೆ ಹಿಡಿದಳು. "ನನ್ನ ಆಯುಧ ಇವು. ಇವತ್ತು ಹಬ್ಬ, ಮುಟ್ಟಲ್ಲ ಅಂತ ನಾನು ಮನೇಲಿ ಕೂತಿದ್ನಾ? ರಾತ್ರಿಯಿಂದ ನಿನ್ನ ಮಗಳ ಹತ್ರ ಇದೀನಿ. ಎತ್ತಲಾ ಸುಮ್ನೆ."

ಅಪ್ಪ ಮಣೆಗೆ ಹಣೆ ಮುಟ್ಟಿಸಿದ. ಸ್ಪ್ಯಾನರ್ ಎತ್ತಿದ.

ನಾಲ್ಕು ಪ್ಲಗ್ಗನ್ನೂ ಹಾಕಿ ಚಾಲೂ ಮಾಡಿದರೆ ಕಾರು ಕೆಮ್ಮಿತು, ನಡುಗಿತು, ಸತ್ತಿತು. ಅಮ್ಮ ಬಾಗಿಲಲ್ಲಿ ನಿಂತು "ನೋಡಿದ್ರಾ, ಮುಟ್ಬಾರ್ದಿತ್ತು" ಎಂದು ಅಳತೊಡಗಿದಳು. ದೊರೆಸಾನಿ ಬಾನೆಟ್ಟಿನೊಳಗೆ ಬಗ್ಗಿ ಒಂದೊಂದೇ ಪ್ಲಗ್ ತೆಗೆಸಿ ನೋಡಿದರು. ಮೂರನೆಯದರ ತುದಿಯ ಸಂದಿಯಲ್ಲಿ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡಿತ್ತು. ತಮ್ಮ ತಲೆಗೂದಲಿನ ಪಿನ್ನು ಕಿತ್ತು ಅದನ್ನು ಕೆರೆದು, ಉಫ್ ಎಂದು ಊದಿದರು. "ದೇವರು ಬೈದಿಲ್ಲ ಅಮ್ಮ. ಕುಂಕುಮ ಜಾಸ್ತಿ, ಅಷ್ಟೇ" ಎಂದರು. ಈ ಸಲ ಇಂಜಿನ್ ಹಿಡಿಯಿತು.

ಅಪ್ಪ ಸ್ಟಿಯರಿಂಗ್ ಹಿಡಿಯಲು ಹೋದ. ದೊರೆಸಾನಿ ತಡೆದರು.

"ನಾನು ಓಡಿಸ್ತೀನಿ."

"ಅಮ್ಮಾವ್ರೇ, ನನ್ ಮಗಳು..."

"ನಿನ್ನ ಕೈ ನೋಡು."

ಅಪ್ಪ ನೋಡಿಕೊಂಡ. ಕೈ ಗಡಗಡ ನಡುಗುತ್ತಿತ್ತು.

"ಅದು ಅಪ್ಪನ ಕೈ. ಡ್ರೈವರ್ ಕೈ ಅಲ್ಲ."

ಹಿಂದಿನ ಸೀಟಿನಲ್ಲಿ ಕಂಬಳಿ ಹಾಸಿ ಅಕ್ಕನನ್ನು ಮಲಗಿಸಿದರು. ಅವಳ ತಲೆ ಅಮ್ಮನ ತೊಡೆಯ ಮೇಲೆ, ಅಜ್ಜಿ ಕೆಳಗೆ ಕುಕ್ಕರಗಾಲಿನಲ್ಲಿ. ಅಪ್ಪ ಫುಟ್‌ಬೋರ್ಡಿನ ಮೇಲೆ ನಿಂತ. ನಾನು ಮುಂದೆ ಕೂತೆ, ಏಕೆಂದರೆ ಬಿಡಿಭಾಗ ತರಲೆಂದು ಆ ದಾರಿಯಲ್ಲಿ ವಾರಕ್ಕೆರಡು ಸಲ, ಸೀಟಿಗೆ ಎಟುಕದೆ ಬಾರಿನ ಕೆಳಗೆ ಕಾಲು ತೂರಿಸಿ, ಸೈಕಲ್ ತುಳಿಯುತ್ತಿದ್ದವನು ನಾನು. "ಗುಂಡಿ ಬರೋ ಮುಂಚೆ ಹೇಳು. ಬಂದ ಮೇಲೆ ಬೇಡ" ಎಂದರು ದೊರೆಸಾನಿ. ಚಕ್ರದ ಕೆಳಗೆ ನಿಂಬೆಹಣ್ಣುಗಳು ಪಚಕ್ಕೆಂದವು. ಬಾಳೆಕಂದು ಬಿಚ್ಚಲು ಯಾರಿಗೂ ನೆನಪಾಗಲಿಲ್ಲ.

ಮೊಮ್ಮಕ್ಕಳೇ, ಆ ಕಾರು ಹಾರಿಕೊಂಡು ಹೋಯಿತೆಂದು ನೀವು ಅಂದುಕೊಳ್ಳಬಹುದು. ಇಲ್ಲ. ತುಂಬಿದ ಕೊಡ ಹೊತ್ತವಳು ನಡೆಯುವ ಹಾಗೆ ಹೋಯಿತು. "ಬಲಗಡೆ ಗುಂಡಿ", "ಹುಣಸೆಮರದ ಬೇರು", "ಇನ್ನು ಕಲ್ಲು ರಸ್ತೆ" ಎಂದು ನಾನು ಹೇಳುತ್ತಾ ಹೋದೆ. ಅವರು ಚಕ್ರವನ್ನು ಒಂದೊಂದಾಗಿ ಗುಂಡಿಗಿಳಿಸಿ ಹತ್ತಿಸುತ್ತಿದ್ದರು. ರಾಗಿ ಹೊಲದಲ್ಲಿದ್ದವರು ಅಲಂಕಾರ ನೋಡಿ ಮೆರವಣಿಗೆ ಎಂದುಕೊಂಡು ಕೈ ಮುಗಿದರು. ಅಪ್ಪನಿಗೆ ತಡೆಯಲಾಗಲಿಲ್ಲ. "ಸ್ವಲ್ಪ ಜೋರಾಗಿ, ಅಮ್ಮಾವ್ರೇ." ಅವರು ವೇಗ ಏರಿಸಲಿಲ್ಲ. ಅವನು ಮತ್ತೆ ಅಂದ. ರಸ್ತೆಯಿಂದ ಕಣ್ಣು ತೆಗೆಯದೆ ಅವರು ಹೇಳಿದರು: "ಜೋರಾಗಿ ಹೋದ್ರೆ ಕಾರು ಬೇಗ ಸೇರತ್ತೆ, ಮೇಸ್ತ್ರಿ. ನಿನ್ನ ಮಗಳು ಸೇರಲ್ಲ."

ಅರ್ಧ ದಾರಿಯಲ್ಲಿ ಹಳ್ಳ. ಹಿಂದಿನ ವಾರದ ಮಳೆಗೆ ಕೆಂಪು ನೀರು ರಸ್ತೆಯ ಮೇಲೆಯೇ ಹರಿಯುತ್ತಿತ್ತು. ದೊರೆಸಾನಿ ಇಳಿದು, ಬೇಲಿಯ ಕೋಲೊಂದು ಕಿತ್ತು, ನೀರಿನಲ್ಲಿ ಕುಟ್ಟುತ್ತಾ ಆಚೆ ದಡದವರೆಗೆ ನಡೆದು ಬಂದರು. ಮೊಣಕಾಲುದ್ದ ನೀರು. ಅವರು ಬರುವಷ್ಟರಲ್ಲಿ ಅಪ್ಪ, ಇಂಜಿನ್ನಿನ ಫ್ಯಾನು ನೀರೆರಚಿ ಪ್ಲಗ್ ನೆನೆಯಬಾರದೆಂದು, ಬಾನೆಟ್ ಎತ್ತಿ ಫ್ಯಾನ್ ಬೆಲ್ಟ್ ಬಿಚ್ಚಿದ್ದ. ಯಾರೂ ಹೇಳಿರಲಿಲ್ಲ. ಅವನ ಕೈ ಈಗ ನಡುಗುತ್ತಿರಲಿಲ್ಲ. "ಭೇಷ್" ಎಂದರು ಅವರು. ಅಪ್ಪ ಮುಂದೆ ನಡೆದ, ಅವನ ಹಿಂದೆ ಕಾರು. ನನ್ನ ಕಾಲಿನ ಕೆಳಗೆ ನೀರು ಗುಳುಗುಳು ಎನ್ನುತ್ತಿತ್ತು. ಆಚೆ ದಡದಲ್ಲಿ ಅಪ್ಪ ಬೆಲ್ಟನ್ನು ಮತ್ತೆ ಹಾಕಿದ.

ಆಸ್ಪತ್ರೆಯ ಮುಂದೆ ನಿಂತಾಗ ಒಬ್ಬ ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು, "ಕಲ್ಯಾಣ ಮಂಟಪ ಆಚೆ ಬೀದೀಲಿದೆ ಕಣ್ರೀ" ಎಂದಳು. ಆಮೇಲೆ ಹಿಂದಿನ ಸೀಟು ಕಂಡು ಸ್ಟ್ರೆಚರಿಗೆ ಓಡಿದಳು.

ಎರಡು ಗಂಟೆ ಕಾದೆವೋ, ಮೂರು ಗಂಟೆಯೋ. ಅಪ್ಪ ಮೆಟ್ಟಿಲ ಮೇಲೆ ಕೂತು ತನ್ನ ಬಲಗೈ ಬೆರಳುಗಳನ್ನೇ ನೋಡುತ್ತಿದ್ದ. ದೊರೆಸಾನಿ ನನ್ನ ಕೈಯಲ್ಲಿ ಬಕೆಟ್ಟು ಕೊಟ್ಟು ನೀರು ತರಿಸಿಕೊಂಡು, ಮಂಡಿಯೂರಿ ಕಾರಿನ ಹಿಂಭಾಗ ತೊಳೆಯತೊಡಗಿದರು. ಅಪ್ಪ ಎದ್ದು ಬಂದು ಬಟ್ಟೆ ಕಸಿದುಕೊಳ್ಳಲು ನೋಡಿದ. ಕೊಡಲಿಲ್ಲ. "ಓಡಿಸಿದವರೇ ತೊಳೀಬೇಕು" ಎಂದರು.

ತೊಳೆಯುತ್ತಾ ನನಗೆ ಕಥೆ ಹೇಳಿದರು. ಅವರು ಹುಟ್ಟಿದ ಮನೆಯಲ್ಲಿ ನಲವತ್ತು ಕೋಣೆ, ಇಪ್ಪತ್ತು ಆಳು. ಹತ್ತೊಂಬತ್ತು ವರ್ಷದವರೆಗೆ ತಮ್ಮ ಕಾಲಿಗೆ ತಾವು ಬೂಟು ಹಾಕಿಕೊಂಡವರಲ್ಲ. ಮೊದಲನೇ ಮಹಾಯುದ್ಧದ ಲಡಾಯಿ ಬಂತು, ಅಣ್ಣ ಹೋದ, ತಿರುಗಿ ಬರಲಿಲ್ಲ. ಇವರು ಮನೆಯಲ್ಲಿ ಜಗಳವಾಡಿ ಫ್ರಾನ್ಸಿಗೆ ಹೋದರು. ಅಲ್ಲಿ ಕೊಟ್ಟ ಮೊದಲ ಕೆಲಸ ಓಡಿಸುವುದಲ್ಲ, ಆಂಬುಲೆನ್ಸಿನ ಒಳಗಿನ ರಕ್ತ ತೊಳೆಯುವುದು. ಆಮೇಲೆ ಓಡಿಸಿದರು. ಮೊದಲ ದಿನ ಭಯಕ್ಕೆ ಜೋರಾಗಿ ಓಡಿಸಿದರಂತೆ. ಪ್ರತಿ ಗುಂಡಿಗೂ ಹಿಂದಿನಿಂದ ಒಬ್ಬ ಹುಡುಗ ಚೀರುತ್ತಿದ್ದ. ಆಸ್ಪತ್ರೆ ಸೇರುವ ಹೊತ್ತಿಗೆ ಚೀರುವುದು ನಿಂತಿತ್ತು.

"ಅದನ್ನ ಪುಸ್ತಕದಲ್ಲಿ ಬರೆದ್ರಾ?" ಎಂದೆ.

"ಮೂರು ಸಲ ಬರೆದೆ. ಮೂರು ಸಲ ಹರಿದೆ" ಎಂದು ಬಟ್ಟೆ ಹಿಂಡಿದರು.

ಆಗ ಸೂಲಗಿತ್ತಿ ಅಜ್ಜಿ ಬಾಗಿಲಿಗೆ ಬಂದಳು. ಬೆಳಗಿನಿಂದ ಬಿಗಿದಿದ್ದ ಸೆರಗು ಸಡಿಲಿಸಿ, ಎಲೆಅಡಿಕೆ ಚೀಲ ಬಿಚ್ಚಿದಳು. ಅಷ್ಟರಿಂದಲೇ ಅಪ್ಪನಿಗೆ ತಿಳಿಯಿತು. ಅವನು ಗೋಡೆಗೊರಗಿ ಸಣ್ಣ ಮಗುವಿನ ಹಾಗೆ ಅತ್ತ. "ಹೆಣ್ಣು. ತಾಯಿನೂ ಚೆನ್ನಾಗವ್ಳೆ" ಎಂದಳು ಅಜ್ಜಿ, ಎಲೆ ಬಾಯಿಗಿಟ್ಟ ಮೇಲೆ. ದೊರೆಸಾನಿ ಒದ್ದೆ ಬಟ್ಟೆ ಹಿಡಿದುಕೊಂಡೇ ಕಾರಿನ ಮೆಟ್ಟಿಲ ಮೇಲೆ ಕೂತರು. ಅವರ ಕೈ ಆಗ ನಡುಗುತ್ತಿದ್ದದ್ದನ್ನು ನಾನು ಕಂಡೆ. ಅಪ್ಪನೂ ಕಂಡ. ಹೋಗಿ ಒಂದು ಲೋಟ ಟೀ ತಂದು, ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಆ ದಿನದ ಬಗ್ಗೆ ಅವರು ಬರೆದರೋ ಇಲ್ಲವೋ ತಿಳಿಯದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಅವರ ಇಂಗ್ಲಿಷ್ ಪುಸ್ತಕ ಓದುವಷ್ಟು ಕಲಿಯಲಿಲ್ಲ. ಅದಕ್ಕೇ ನನಗೆ ಬರುವ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಕೈಕೆಲಸ ಮಾತ್ರ ಚೆನ್ನಾಗಿ ಕಲಿತೆ. ದೊಡ್ಡವನಾಗಿ ಇಲ್ಲಿಗೆ ಬಂದ ಮೇಲೆ ಈ ನ್ಯೂಜೆರ್ಸಿಯಲ್ಲೂ ಇಪ್ಪತ್ತೆಂಟು ವರ್ಷ ಗ್ಯಾರೇಜಿನಲ್ಲಿ ದುಡಿದೆ. ನಾನು ಮುಟ್ಟಿದ ಗಾಡಿ ದಾರಿಯಲ್ಲಿ ನಿಂತಿತು ಎಂದು ಯಾರೂ ದೂರಿಲ್ಲ.

ನಿಮ್ಮ ಹಿಲ್ಸ್‌ಬರೋ ಮನೆಯಲ್ಲಿ ಎರಡು ಕಾರಿವೆ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ಅವೇ ಹೇಳುತ್ತವೆ. ಕರೆಂಟಿನ ಕಾರಿಗೆ ಪ್ಲಗ್ ಕಿತ್ತು ಪೂಜೆ ಮಾಡೋಣವೆಂದರೆ ಅದರಲ್ಲಿ ಪ್ಲಗ್ಗೇ ಇಲ್ಲ. ಕಳೆದ ಚಳಿಗಾಲ ನಾನು ಮನೆ ಮುಂದಿನ ಡ್ರೈವ್‌ವೇಯ ಐಸಿನ ಮೇಲೆ ಜಾರಿ ಬಿದ್ದಾಗ ನೀವು ಮೂರು ಅಂಕಿ ಒತ್ತಿದಿರಿ, ಕಾಫಿ ಆರುವಷ್ಟರಲ್ಲಿ ಆಂಬುಲೆನ್ಸ್ ಬಂತು. ಈ ಕಥೆ ಹೇಳಿದಾಗಲೂ ನೀವು ಕೇಳಿದ್ದು ಅದನ್ನೇ: "ಅಜ್ಜ, ವೈ ಡಿಡಂಟ್ ಯು ಜಸ್ಟ್ ಕಾಲ್?" ಕರೆಯಲು ಫೋನಿರಲಿಲ್ಲ ಮಕ್ಕಳೇ, ಕರೆದರೆ ಬರುವವರೂ ಇರಲಿಲ್ಲ. ನಿಮ್ಮ ಕಾಲ ನಮ್ಮದಕ್ಕಿಂತ ಒಳ್ಳೆಯದು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಇನ್ನೊಂದು ಪ್ರಶ್ನೆಯನ್ನು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದು ಎರಡು ತಿಂಗಳು ಇದ್ದ ಆಂಟಿ ನೆನಪಿದ್ದಾಳಲ್ಲ? ನಿಮಗೆ ಚಕ್ಕುಲಿ ಕರಿಯಲು ಹೋಗಿ ಸ್ಮೋಕ್ ಅಲಾರ್ಮ್ ಹೊಡೆಸಿ, ಇಡೀ ಬೀದಿಯ ಜನರನ್ನು ಹೊರಗೆ ತಂದು, ಕೊನೆಗೆ ಅವರಿಗೆಲ್ಲ ಚಕ್ಕುಲಿ ಹಂಚಿದವಳು. ಆ ಮಗು ಅವಳೇ.