ಅಲೇಯಮ್ಮನ ಜಗಲಿಗೆ ನರ್ಸಿಂಗ್ ಕೇಳಿಕೊಂಡು ಬಂದವರು

ಪ್ಲಸ್‌ಟೂ ಫಲಿತಾಂಶ ಬಂತೆಂದರೆ ಅಲೇಯಮ್ಮನಿಗೆ ತಲೆನೋವು ಶುರು. ಕೇರಳದ ಪಾಲಾ ಕಡೆಯ ಆ ಊರಿನಲ್ಲಿ ಭಾನುವಾರ ಇಗರ್ಜಿಯ ಪೂಜೆ ಮುಗಿಯುತ್ತಿದ್ದಂತೆ ಯಾರಾದರೊಬ್ಬರು ಮಗಳನ್ನು ಮುಂದೆ ಬಿಟ್ಟುಕೊಂಡು ಅವಳ ಜಗಲಿ ಹತ್ತುತ್ತಾರೆ. ಊರಿಗೆಲ್ಲ ಅವಳು ಚೇಚಿ, ಅಂದರೆ ಅಕ್ಕ. "ಚೇಚಿ, ಹುಡುಗೀನ ನರ್ಸಿಂಗಿಗೆ ಕಳಿಸೋಣ ಅಂತ. ನಿಮ್ಮದೊಂದು ಮಾತು ಬೇಕಿತ್ತು." ಮಾತು ಯಾರಿಗೆ ಬೇಕು, ಮಣ್ಣು! ಅವರಿಗೆ ಬೇಕಾದದ್ದು ಐರ್ಲೆಂಡೋ ಕೆನಡಾವೋ ಎಂಬುದಷ್ಟೇ.

ಅಲೇಯಮ್ಮ ಮಿಷನ್ ಆಸ್ಪತ್ರೆಯಲ್ಲಿ ಕಲಿತು, ಅರ್ಧ ಆಯುಷ್ಯ ಕುವೈತಿನಲ್ಲಿ ಸವೆಸಿ, ತಮ್ಮಂದಿರಿಗೆಲ್ಲ ತಾರಸಿ ಮನೆ ಕಟ್ಟಿಸಿಕೊಟ್ಟು ಊರಿಗೆ ಮರಳಿದವಳು. ಗಂಡ ತೀರಿಕೊಂಡ. ಹಾಸಿಗೆ ಹಿಡಿದ ಅತ್ತೆ ಉಳಿದಿದ್ದಾಳೆ. "ನಿವೃತ್ತಿ ಅಂದ್ರೆ ಇದೇ ನೋಡಿ" ಎಂದು ಅವಳು ಯಾರಿಗೋ ಬೈಯುವಂತೆ ಹೇಳುವುದುಂಟು.

ಬಂದ ಹುಡುಗಿಯರಿಗೆಲ್ಲ ಅವಳದೊಂದೇ ಪರೀಕ್ಷೆ. ಒಳಗೆ ಕರೆದುಕೊಂಡು ಹೋಗಿ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಿ ಬಟ್ಟೆ ಬದಲಿಸಲು ಹೇಳುವುದು. ಹೋದ ವರ್ಷ ಒಬ್ಬಳು ಬಾಗಿಲಿನಿಂದಲೇ ಮೂಗು ಮುಚ್ಚಿಕೊಂಡು ಓಡಿದಳು. ಇನ್ನೊಬ್ಬಳು ಮುದುಕಿಯ ಮೇಲೆ ಪೌಡರ್ ಡಬ್ಬಿಯನ್ನೇ ಬೋರಲು ಹಾಕಿದಳು. ಇಬ್ಬರನ್ನೂ ಬೇಡವೆಂದಳು, ಇಬ್ಬರೂ ಈಗ ನರ್ಸಿಂಗ್ ಕಾಲೇಜಿನಲ್ಲೇ ಇದ್ದಾರೆ.

ಈ ಭಾನುವಾರ ಬಂದದ್ದು ಜೀಪು ಓಡಿಸುವ ಔತಚ್ಚನ್, ಅವನ ಹೆಂಡತಿ ಲಿಸ್ಸಿ, ಮಗಳು ಜಿಸ್ಮಿ.

"ನಾಳೆ ಏಜೆಂಟ್ ಬರ್ತಾನೆ ಚೇಚಿ. ಸೀಟು ಹಿಡಿಯೋದೊಂದೇ ಬಾಕಿ," ಎಂದ ಔತಚ್ಚನ್. "ಜರ್ಮನಿ ಹೇಗೆ? ಭಾಷೆ ಕಷ್ಟ ಅಂತಾರೆ."

"ಜರ್ಮನಿ ಆಮೇಲೆ ನೋಡ್ಕೊಳ್ಳೋಣ ಔತಾ. ದಿನವಿಡೀ ನಿಲ್ಲೋಕೆ ಹುಡುಗಿಗೆ ಕಾಲಲ್ಲಿ ಶಕ್ತಿ ಇದೆಯಾ? ಬೇರೆಯವರ ವಾಂತಿ ಬಾಚಿ, ಕೈ ತೊಳ್ಕೊಂಡು ಬಂದು ಊಟ ಮಾಡ್ತಾಳಾ? ರೋಗಿ ಕಡೆಯವರು ಮುಖಕ್ಕೆ ಉಗಿದ್ರೂ ಅವರೆದುರು ಅಳದೆ, ಬಾತ್‌ರೂಮಿಗೆ ಹೋಗಿ ಅತ್ತು, ಮುಖ ಒರೆಸ್ಕೊಂಡು ಬಂದು ಸೂಜಿ ಚುಚ್ತಾಳಾ? ಮೊದಲು ಅದನ್ನ ಕೇಳು."

"ಅದೆಲ್ಲ ಇಲ್ಲಿ ಚೇಚಿ. ಅಲ್ಲಿ ಎಲ್ಲಾ ಮೆಷಿನ್ನು."

"ಹೌದಪ್ಪಾ, ಅಲ್ಲಿ ಜನ ಕಕ್ಕಸಿಗೇ ಹೋಗಲ್ಲ!"

ಲಿಸ್ಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಜಿಸ್ಮಿ ನಗಲಿಲ್ಲ. ಅಲೇಯಮ್ಮ ನಿಟ್ಟುಸಿರುಬಿಟ್ಟು ಅವಳನ್ನು ಒಳಗೆ ಕರೆದಳು.

ಹೇಳಿಕೊಡುವ ಮೊದಲೇ ಹುಡುಗಿ ಹಾಸಿಗೆ ಬಟ್ಟೆಯನ್ನು ಉದ್ದಕ್ಕೆ ಸುರುಳಿ ಸುತ್ತಿದಳು. ಮುದುಕಿಯ ಆಚೆಯ ಮೊಣಕಾಲು ಮಡಚಿ, ಭುಜಕ್ಕೂ ಸೊಂಟಕ್ಕೂ ಕೈಯಿಟ್ಟು, "ಅಮ್ಮಚ್ಚೀ, ನನ್ನ ಕಡೆ ಹೊರಳ್ತೀರಾ?" ಎಂದು ಕೇಳಿ, ಹೂವೆತ್ತಿದಂತೆ ಹೊರಳಿಸಿದಳು. ಬೆನ್ನಿನ ಬುಡ ಕೆಂಪಗಾಗಿದೆಯೇ ಎಂದೂ ನೋಡಿದಳು. ಅಲೇಯಮ್ಮ ಹಿಗ್ಗಿನಿಂದ ಅವಳ ಬೆನ್ನು ತಟ್ಟಿದಳು.

"ಯಾರೇ ಕಲಿಸಿದ್ದು?"

"ಯಾರೂ ಇಲ್ಲ ಆಂಟಿ. ನಮ್ಮ ಅಮ್ಮಚ್ಚಿ, ಪಪ್ಪನ ಅಮ್ಮ, ಹಾಸಿಗೆ ಹಿಡಿದಾಗಿನಿಂದ ಎಲ್ಲಾ ನಾನೇ ಮಾಡೋದು."

"ನಿನ್ನಂಥವಳು ಬೇಕು ಕಣೇ ಈ ಕೆಲಸಕ್ಕೆ!"

ಹುಡುಗಿಯ ಕಣ್ಣು ತುಂಬಿತು. "ಲಾಯಕ್ಕಿಲ್ಲ ಅಂತ ಹೇಳಿಬಿಡಿ ಆಂಟಿ, ದಮ್ಮಯ್ಯ. ನಮ್ಮ ಅಮ್ಮಚ್ಚಿ ಅಂತ ಮಾಡ್ತೀನಿ. ಅವರೊಬ್ಬರು ನರಳಿದ್ರೇ ನಂಗೆ ಅನ್ನ ಸೇರಲ್ಲ. ವಾರ್ಡು ತುಂಬಾ ನರಳೋರಿದ್ರೆ ಸತ್ತೇ ಹೋಗ್ತೀನಿ. ಐಟಿಐ ಸೇರಿ ಸರ್ವೇ ಕಲೀಬೇಕು ನಂಗೆ. ಜಮೀನು ನರಳಲ್ಲ."

ಅಯ್ಯೋ ಕರ್ಮವೇ, ಇಷ್ಟು ವರ್ಷಕ್ಕೆ ಒಂದು ಒಳ್ಳೆಯ ಕೈ ಸಿಕ್ಕಿತೆಂದರೆ ಅದೂ ಹೀಗೆಯೇ! ಅಲೇಯಮ್ಮ ಸಿಡುಕುತ್ತಲೇ ಜಗಲಿಗೆ ಬಂದಳು. ಜಿಸ್ಮಿಯೂ ಹಿಂದೆಯೇ ಬಂದು ಮೂಲೆಯಲ್ಲಿ ಕೂತಳು.

"ನಿನ್ನ ಮಗಳಿಂದ ಆಗಲ್ಲ ಔತಾ. ಕೈ ನಡುಗುತ್ತೆ."

"ಏನ್ ಚೇಚಿ ತಮಾಷೆ!" ಎಂದಳು ಲಿಸ್ಸಿ. "ನಮ್ಮತ್ತೇದು ಹೇಲು ಉಚ್ಚೆ ಬಾಚೋಳು ಇವಳೇ. ಅದಕ್ಕೇ ಅಲ್ವಾ ನರ್ಸಿಂಗ್ ಅಂತ ತೀರ್ಮಾನ ಮಾಡಿದ್ದು? ಪಳಗಿದ ಕೈ, ಸುಮ್ನೆ ಯಾಕೆ ವೇಸ್ಟು?"

ಅಲೇಯಮ್ಮನ ಪಿತ್ತ ನೆತ್ತಿಗೇರಿತು. "ಪಳಗಿಸೋಕೆ ಅವಳೇನು ಆನೆಯಾ? ಅವಳಿಗೆ ಬೇಡವಂತೆ. ಸರ್ವೇ ಕಲೀಬೇಕಂತೆ. ಒಂದು ಮಾತು ಅವಳನ್ನ ಕೇಳಿದ್ರಾ?"

"ನಿಮ್ಮನ್ನ ಯಾರು ಕೇಳಿದ್ರು ಚೇಚಿ?" ಔತಚ್ಚನಿಗೂ ರೇಗಿತು. "ಹೋದ್ರಿ, ದುಡಿದ್ರಿ, ಮನೆ ಮೇಲೆ ಬಂತು."

"ಯಾರೂ ಕೇಳ್ಲಿಲ್ಲ ಕಣೋ. ಕೇಳಿದ್ರೆ ಬೇಡ ಅಂತಿದ್ದೆ."

ಈ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಆಡಿದ ಮೇಲೆ ಅವಳಿಗೇ ದುಃಖ ಒತ್ತರಿಸಿ ಬಂತು.

ಅಷ್ಟರಲ್ಲಿ ಒಳಗಿನಿಂದ ಮುದುಕಿ ಗಂಜಿ ಬೇಕೆಂದು ಕೂಗಿದಳು. ಎತ್ತಿ ಕೂರಿಸಬೇಕು. ಜಿಸ್ಮಿ ತಾನಾಗಿ ಎದ್ದಳು.

"ನೀನು ಕೂತ್ಕೋ," ಎಂದಳು ಅಲೇಯಮ್ಮ. "ಔತಾ, ನೀನೇಳು."

"ನಾನಾ?"

"ನೀನೇ. ಪಳಗಿಸ್ಕೋ ಕೈ."

ಔತಚ್ಚನ್ ಗೊಣಗುತ್ತ ಮುಂಡು ಎತ್ತಿ ಕಟ್ಟಿಕೊಂಡು ಒಳಗೆ ಹೋದ. ಮುದುಕಿಯ ಎರಡೂ ಕೈ ಹಿಡಿದು ಜಗ್ಗಿದ. ಅವಳು ಚೀರಿಕೊಂಡಳು. ಹಿಂದೆಯೇ ಬಂದ ಅಲೇಯಮ್ಮ ಗದರಿದಳು.

"ಎಳೀಬೇಡ್ವೋ, ಅದು ಜೀಪಿನ ಬಾಗಿಲಲ್ಲ! ಬೆನ್ನ ಹಿಂದೆ ಕೈ ಹಾಕು. ಅವರ ಮುಖ ನೋಡ್ಕೊಂಡು ಎತ್ತು."

ಕೊನೆಗೂ ಮುದುಕಿಯನ್ನು ದಿಂಬಿಗೆ ಒರಗಿಸುವಷ್ಟರಲ್ಲಿ ಅವನ ಅಂಗಿ ಒದ್ದೆಯಾಗಿತ್ತು. ತಿರುಗಿ ನೋಡಿದರೆ ಮಗಳು ಬಾಗಿಲಲ್ಲಿ ನಿಂತಿದ್ದಳು.

"ನಮ್ಮಮ್ಮನೂ ಇಷ್ಟು ಭಾರಾನಾ ಮೋಳೇ?"

"ಇನ್ನೂ ಜಾಸ್ತಿ ಪಪ್ಪಾ."

ಅವನು ಮಗಳ ಸಣಕಲು ತೋಳನ್ನೇ ನೋಡುತ್ತ ನಿಂತ. ಆಮೇಲೆ ಜಗಲಿಯತ್ತ ಕೂಗಿದ, "ಲಿಸ್ಸೀ, ಆ ಏಜೆಂಟಿಗೆ ನಾಳೆ ಬರೋದು ಬೇಡ ಅಂತ ಹೇಳು."